ಸಕ್ಕರೆ ಏರುವ ಮುನ್ನವೇ ಸುಳಿವು ಕೊಡುವ ರಕ್ತ

ಖಾಲಿ ಹೊಟ್ಟೆಯಲ್ಲಿರುವ ಆರೋಗ್ಯವಂತರ ಒಂದು ಮಿಲಿಲೀಟರ್ ರಕ್ತದಲ್ಲಿ ಇನ್ಸುಲಿನ್ ಎಷ್ಟಿರುತ್ತದೆ? ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೂ ಕಡಿಮೆ. ಇಷ್ಟು ಸೂಕ್ಷ್ಮ ಪ್ರಮಾಣದ ಹಾರ್ಮೋನು ಇಡೀ ದೇಹದ ಸಕ್ಕರೆ ಮತ್ತು ಕೊಬ್ಬಿನ ವಹಿವಾಟನ್ನು ಆಳುತ್ತದೆ. ಅದರ ಆಜ್ಞೆಗೆ ಸ್ನಾಯು, ಯಕೃತ್ತು, ಕೊಬ್ಬಿನ ಕೋಶಗಳು ಸೊಪ್ಪು ಹಾಕದ ಸ್ಥಿತಿಯೇ ಇನ್ಸುಲಿನ್ ಪ್ರತಿರೋಧ. ಆಗ ಮೇದೋಜೀರಕ ಗ್ರಂಥಿ ಮೊದಲಿಗಿಂತ ಹೆಚ್ಚು ಇನ್ಸುಲಿನ್ ಸುರಿಸಿ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ. ಈ ಹೆಣಗಾಟ ವರ್ಷಗಟ್ಟಲೆ ಸಾಗುತ್ತಿದ್ದರೂ ಶುಗರ್ ಟೆಸ್ಟಿನ ವರದಿ ‘ನಾರ್ಮಲ್’ ಎನ್ನುತ್ತಲೇ ಇರುತ್ತದೆ. ತೆರೆಮರೆಯ ಈ ಸಂಗ್ರಾಮವನ್ನು ಎರಡು ಮೂರು ಅಂಕಿಗಳಿಂದ ಓದಿಬಿಡುವ ವಿದ್ಯೆ ಆಧುನಿಕ ವೈದ್ಯವಿಜ್ಞಾನದ ಅತ್ಯಂತ ಮಿತವ್ಯಯದ ಸಾಧನೆಗಳಲ್ಲೊಂದು.

ಅದರ ಚರಿತ್ರೆ ಲಂಡನ್ನಿನಿಂದ ಆರಂಭವಾಗುತ್ತದೆ. ಮಧುಮೇಹವೆಂದರೆ ಇನ್ಸುಲಿನ್ನಿನ ಅಭಾವ ಎಂದು ಜಗತ್ತು ನಂಬಿದ್ದ 1936ರಲ್ಲಿ ಹೆರಾಲ್ಡ್ ಹಿಮ್ಸ್‌ವರ್ತ್ ಎಂಬ ವೈದ್ಯರು ರೋಗಿಗಳಿಗೆ ಗ್ಲೂಕೋಸ್ ಕುಡಿಸಿ, ಜೊತೆಜೊತೆಗೇ ಇನ್ಸುಲಿನ್ ಚುಚ್ಚಿ ನೋಡಿದರು. ಕೆಲವರಲ್ಲಿ ಸಕ್ಕರೆ ತಗ್ಗಿತು. ಉಳಿದವರಲ್ಲಿ ಇನ್ಸುಲಿನ್ ಇದ್ದೂ ಇಲ್ಲದಂತಾಯಿತು. ಆದರೆ ಆ ರೋಗಿಗಳ ರಕ್ತದಲ್ಲಿ ಸ್ವಂತ ಇನ್ಸುಲಿನ್ ಎಷ್ಟಿದೆಯೆಂದು ಅಳೆಯುವ ಉಪಾಯ ಅಂದು ಯಾರ ಬಳಿಯೂ ಇರಲಿಲ್ಲ.

ಆ ಉಪಾಯ ಕಂಡುಕೊಂಡವರು ನ್ಯೂಯಾರ್ಕಿನ ಬ್ರಾಂಕ್ಸ್ ವೆಟರನ್ಸ್ ಆಸ್ಪತ್ರೆಯ ಭೌತವಿಜ್ಞಾನಿ ರೊಸಾಲಿನ್ ಯಾಲೊ ಮತ್ತು ವೈದ್ಯ ಸಾಲೊಮನ್ ಬರ್ಸನ್. ಇನ್ಸುಲಿನ್ ಬೆಳಕಿಗೆ ಬಂದ 1921ರಲ್ಲೇ ಯಾಲೊ ಹುಟ್ಟಿದ್ದು ಸೊಗಸಾದ ಕಾಕತಾಳೀಯ! ಇನ್ಸುಲಿನ್ ಚಿಕಿತ್ಸೆ ಪಡೆದವರ ರಕ್ತದಲ್ಲಿ ಅದನ್ನು ಹಿಡಿದಿಡುವ ಪ್ರತಿಕಾಯಗಳು ಹುಟ್ಟುತ್ತವೆಂದು ಇವರು ಬರೆದಾಗ ಪ್ರತಿಷ್ಠಿತ ಪತ್ರಿಕೆಗಳು ಪ್ರಬಂಧವನ್ನು ಹಿಂದಿರುಗಿಸಿದ್ದವು. ತಿರಸ್ಕಾರದ ಆ ಪತ್ರವನ್ನು ಯಾಲೊ ಜೋಪಾನವಾಗಿ ಇಟ್ಟುಕೊಂಡು, 1977ರಲ್ಲಿ ತಮ್ಮ ನೊಬೆಲ್ ಉಪನ್ಯಾಸದಲ್ಲೇ ಪ್ರದರ್ಶಿಸಿದರು. ಬರ್ಸನ್ ಅಷ್ಟರೊಳಗೆ ತೀರಿಕೊಂಡಿದ್ದರು. ವಿಕಿರಣಶೀಲ ಅಯೋಡಿನ್ ಅಂಟಿಸಿದ ಇನ್ಸುಲಿನ್ ಹಾಗೂ ರೋಗಿಯ ರಕ್ತದ ಇನ್ಸುಲಿನ್ ಅದೇ ಪ್ರತಿಕಾಯಕ್ಕಾಗಿ ಪೈಪೋಟಿಗಿಳಿಯುವಂತೆ ಮಾಡಿ, ಆ ಪೈಪೋಟಿಯ ಫಲದಿಂದ ಪ್ರಮಾಣ ಲೆಕ್ಕ ಹಾಕುವುದು ಅವರ ತಂತ್ರ. 1960ರ ವೇಳೆಗೆ ಅದು ಪರಿಪಕ್ವವಾಯಿತು. ಅದಕ್ಕೆ ಅವರು ಪೇಟೆಂಟ್ ಕೂಡ ಪಡೆಯಲಿಲ್ಲ. ಫಲಿತಾಂಶವಂತೂ ವಿಸ್ಮಯಕಾರಿ. ವಯಸ್ಕರಾದ ಮೇಲೆ ಮಧುಮೇಹ ಬಂದ ಹಲವರ ರಕ್ತದಲ್ಲಿ ಇನ್ಸುಲಿನ್ ಕಡಿಮೆಯಲ್ಲ, ಹೆಚ್ಚೇ ಇತ್ತು!

ಮುಂದಿನ ಹಾದಿ ಸರಳತೆಯತ್ತ. 1979ರಲ್ಲಿ ರೂಪುಗೊಂಡ ‘ಕ್ಲ್ಯಾಂಪ್’ ವಿಧಾನ ಇಂದಿಗೂ ಪರಮಪ್ರಮಾಣ. ಆದರೆ ತಾಸುಗಟ್ಟಲೆ ನರಕ್ಕೆ ಇನ್ಸುಲಿನ್ ಮತ್ತು ಗ್ಲೂಕೋಸ್ ಹರಿಸುತ್ತ, ಕೆಲವೇ ನಿಮಿಷಗಳಿಗೊಮ್ಮೆ ಸಕ್ಕರೆ ಅಳೆಯಬೇಕಾದ ಆ ವೈಭವ ಸಂಶೋಧನಾಲಯಕ್ಕೇ ಸರಿ. 1985ರಲ್ಲಿ ಆಕ್ಸ್‌ಫರ್ಡಿನ ಡೇವಿಡ್ ಮ್ಯಾಥ್ಯೂಸ್ ತಂಡ ಕೊಟ್ಟ ‘ಹೋಮಾ’ ಸೂತ್ರಕ್ಕೆ ಖಾಲಿ ಹೊಟ್ಟೆಯ ಒಂದೇ ರಕ್ತಮಾದರಿ ಸಾಕು. ಇನ್ಸುಲಿನ್ ಅಂಕಿಯನ್ನು ಸಕ್ಕರೆಯ ಅಂಕಿಯಿಂದ ಗುಣಿಸಿ 405ರಿಂದ ಭಾಗಿಸಬೇಕು. ಸಕ್ಕರೆ 95, ಇನ್ಸುಲಿನ್ 12 ಇದ್ದರೆ ಉತ್ತರ 2.8. ಸಕ್ಕರೆ 100ರೊಳಗೇ ಇದೆ, ನಿಜ. ಆದರೂ ಹಲವು ಅಧ್ಯಯನಗಳು ಎಚ್ಚರಿಕೆಯ ಗಡಿಯೆಂದು ಬಳಸುವ 2.5ನ್ನು ಈ ವ್ಯಕ್ತಿ ದಾಟಿಯಾಗಿದೆ.

ಇನ್ಸುಲಿನ್ ಅಳೆಯದೆಯೇ ಅದರ ವರ್ತನೆಯನ್ನು ಊಹಿಸುವುದು ಇನ್ನೂ ಜಾಣತನದ ದಾರಿ. ಇನ್ಸುಲಿನ್ ಮಾತು ಕೇಳದ ಕೊಬ್ಬಿನ ಕೋಶಗಳು ಕೊಬ್ಬಿನಾಮ್ಲಗಳನ್ನು ರಕ್ತಕ್ಕೆ ಬಿಡುತ್ತವೆ, ಯಕೃತ್ತು ಅವುಗಳಿಂದ ಟ್ರೈಗ್ಲಿಸರೈಡ್ ತಯಾರಿಸಿ ಹೊರಗೆ ಕಳಿಸುತ್ತದೆ, ಒಳ್ಳೆಯ ಕೊಲೆಸ್ಟೆರಾಲ್ ಎನಿಸಿದ ಎಚ್‌ಡಿಎಲ್ ಕುಗ್ಗುತ್ತದೆ. ಹೀಗಾಗಿ ಮಾಮೂಲಿ ಲಿಪಿಡ್ ಪ್ರೊಫೈಲಿನಲ್ಲೇ ಸುಳಿವು ಅಡಗಿರುತ್ತದೆ. ಸ್ಟ್ಯಾನ್‌ಫರ್ಡಿನ ಜೆರಾಲ್ಡ್ ರೀವನ್ ಬಳಗ 2003ರಲ್ಲಿ ತೂಕ ಹೆಚ್ಚಿದವರನ್ನು ಪರೀಕ್ಷಿಸಿ, ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿದಾಗ 3 ಅಥವಾ ಹೆಚ್ಚು ಬಂದರೆ ಪ್ರತಿರೋಧವನ್ನು ಶಂಕಿಸಬೇಕೆಂದಿತು. ಇನ್ಸುಲಿನ್ ಪರೀಕ್ಷೆ ದುಬಾರಿಯಾದ ಊರುಗಳನ್ನೇ ನೆನೆದು ಮೆಕ್ಸಿಕೋದ ಸಂಶೋಧಕರು 2008ರಲ್ಲಿ ಟ್ರೈಗ್ಲಿಸರೈಡ್ ಮತ್ತು ಸಕ್ಕರೆಯ ಅಂಕಿಗಳಿಂದ ‘ಟೈಜಿ’ ಸೂಚ್ಯಂಕ ಕಟ್ಟಿದರು.

ಭಾರತೀಯರಿಗೆ ಈ ಲೆಕ್ಕ ಹೆಚ್ಚೇ ಪ್ರಸ್ತುತ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ತಮ್ಮದೇ ದೇಹಗಳ ಹೋಲಿಕೆಯನ್ನು 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ 22.3, ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕರಿಗೆ ಶೇ 21.2. ತೆಳ್ಳಗೆ ಕಾಣುವ ನಮ್ಮವರು ಕನ್ನಡಿಯನ್ನು ನಂಬಿ ಕೂರುವಂತಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳನ್ನೂ, ಮಧುಮೇಹದ ಹೊಸ್ತಿಲಲ್ಲಿರುವ 13.6 ಕೋಟಿ ಮಂದಿಯನ್ನೂ ಅಂದಾಜಿಸಿದೆ.

ಮಿತಿಗಳೂ ಇವೆ. ಇನ್ಸುಲಿನ್ ಅಂಕಿ ಒಂದು ಲ್ಯಾಬಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಎಲ್ಲರಿಗೂ ಒಪ್ಪುವ ಗಡಿಯಿಲ್ಲ. ಆಫ್ರಿಕನ್ ಅಮೆರಿಕನ್ನರಲ್ಲಿ ಟ್ರೈಗ್ಲಿಸರೈಡ್ ಸಹಜವಾಗಿಯೇ ಕಡಿಮೆಯಿರುವುದರಿಂದ ಅವರಲ್ಲಿ ಟ್ರೈಗ್ಲಿಸರೈಡ್-ಎಚ್‌ಡಿಎಲ್ ಭಾಗಾಕಾರ ಕೈಕೊಡುತ್ತದೆ. ಎಲ್ಲರೂ ಇನ್ಸುಲಿನ್ ಪರೀಕ್ಷೆ ಮಾಡಿಸಬೇಕೆಂದು ತಜ್ಞಮಂಡಳಿಗಳೂ ಹೇಳುವುದಿಲ್ಲ. ದುಬಾರಿ ಪ್ಯಾಕೇಜುಗಳ ಜಾಹೀರಾತಿಗೆ ಮರುಳಾಗುವ ಅಗತ್ಯವೂ ಇಲ್ಲವೆಂಬುದು ನನ್ನ ಅಭಿಪ್ರಾಯ.

ಮನೆಯ ಕಪಾಟಿನಲ್ಲಿರುವ ಹಳೆಯ ಲಿಪಿಡ್ ವರದಿಯನ್ನು ಹೊರತೆಗೆದು ಒಂದು ಭಾಗಾಕಾರ ಮಾಡಿ. ಉತ್ತರ 3 ದಾಟಿದ್ದರೆ, ಜೊತೆಗೆ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದ್ದರೆ, ಆ ವರದಿಯೊಂದಿಗೆ ಕುಟುಂಬ ವೈದ್ಯರನ್ನು ಕಾಣಿ.