ಮಾನಸಿಕ ಕಾಯಿಲೆ ಮಾತ್ರೆ 'ಸ್ಟಾಕ್ ಇಲ್ಲ' ಅಂದ್ರೆ ಯಾರನ್ನು ಕೇಳಬೇಕು?

"ಡಾಕ್ಟರ್ ಈ ವಾರ ಬಂದಿಲ್ಲ", "ಮಾತ್ರೆ ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ". ಕೂಲಿ ಬಿಟ್ಟು, ಬಸ್ ಹತ್ತಿ ಸರ್ಕಾರಿ ಆಸ್ಪತ್ರೆಗೆ ಬಂದವರಿಗೆ ಈ ಉತ್ತರ ಸಿಕ್ಕರೆ ಬಹಳಷ್ಟು ಜನ ಸುಮ್ಮನೆ ವಾಪಸ್ ಹೋಗುತ್ತಾರೆ. ಆದರೆ ಮಾನಸಿಕ ಕಾಯಿಲೆಗೆ ಕೊಡುವ ಮಾತ್ರೆ ದಿಢೀರ್ ನಿಂತರೆ, ಹತೋಟಿಗೆ ಬಂದಿದ್ದ ಕಾಯಿಲೆ ಮತ್ತೆ ಕೆರಳಬಹುದು.

ಏನು ಸಿಗಬೇಕು?

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಗಿದ್ದು 1996ರಲ್ಲಿ. ಅದಕ್ಕೆ ಮಾದರಿಯಾಗಿದ್ದು ನಮ್ಮ ರಾಜ್ಯದ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗ. ಈಗ ರಾಜ್ಯದ ಮನೋಚೈತನ್ಯ ಯೋಜನೆಯಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡಬೇಕು. ಜಿಲ್ಲೆಯಲ್ಲಿ ಮನೋವೈದ್ಯರ ಹುದ್ದೆ ಖಾಲಿ ಬಿದ್ದರೆ ಅದರ ಏಟು ತಾಲ್ಲೂಕುಗಳಿಗೆ.

ಮಾತ್ರೆ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಪ್ರಕಾರ, ಅಗತ್ಯ ಔಷಧ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರ ಹಾಗೂ ಅದಕ್ಕಿಂತ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲಕ್ಕೂ ಉಚಿತವಾಗಿ ಸಿಗಬೇಕು. ಸೇವೆಯಲ್ಲಿ ಕೊರತೆಯಾದರೆ ದೂರು ಕೊಡುವ ಹಕ್ಕು 28ನೇ ಕಲಂನಲ್ಲಿದೆ.

ದೂರು ಕೊಡೋದು ಹೇಗೆ?

* ಯಾವ ಮಾತ್ರೆ, ಯಾವ ದಿನ ಸಿಗಲಿಲ್ಲ ಎಂದು ಚೀಟಿಯ ಮೇಲೆ ಬರೆಸಿಕೊಳ್ಳಿ. ಒಪ್ಪದಿದ್ದರೆ ನೀವೇ ಬರೆದಿಟ್ಟುಕೊಳ್ಳಿ.
* ಮೊದಲ ದೂರು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ. ಬಾಯಿಮಾತು ಬೇಡ, ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿಗೆ ಕಳಿಸಿ.
* ಅಲ್ಲಿ ಸಮಾಧಾನ ಆಗದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ, ಆಮೇಲೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ.
* ಮನೋವೈದ್ಯರು ಎಷ್ಟು ಮಂಗಳವಾರ ಬಂದಿದ್ದಾರೆ, ಯಾವ ಮಾತ್ರೆ ಎಷ್ಟು ದಿನ ಖಾಲಿ ಇತ್ತು, ಎಷ್ಟು ಹುದ್ದೆ ಖಾಲಿ ಇವೆ ಎಂದು ಮಾಹಿತಿ ಹಕ್ಕಿನಡಿ ಕೇಳಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

'ಊರಿಗೆಲ್ಲಾ ಗೊತ್ತಾಗುತ್ತೆ' ಅಂತ ಮನೆಯವರು ಹಿಂಜರಿಯುವುದುಂಟು. ಆದರೆ ಮಾಹಿತಿ ಹಕ್ಕಿನ ಅರ್ಜಿಯನ್ನು ರೋಗಿಯ ಮನೆಯವರೇ ಹಾಕಬೇಕೆಂದಿಲ್ಲ. ಅಂಗಡಿಯವರು, ಪಕ್ಕದ ಮನೆಯವರು ಯಾರು ಬೇಕಾದ್ರೂ ಹಾಕಬಹುದು. ರೋಗಿಯ ಹೆಸರು ಬರೆಯುವ ಅಗತ್ಯವೇ ಇಲ್ಲ.

ಅಲ್ಲಿಯತನಕ?

ಮಾತ್ರೆ ನೀವೇ ನಿಲ್ಲಿಸಬೇಡಿ, ಡೋಸ್ ಕಡಿಮೆ ಮಾಡಬೇಡಿ. ಇರುವ ಮಾತ್ರೆ ಮುಗಿಯುವ ಮೊದಲೇ ಚೀಟಿ ಹಿಡಿದು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಸಲಹೆಗೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು.

ಕೌಂಟರ್‌ನಲ್ಲಿ ಕೂತವರ ಮೇಲೆ ಕೂಗಾಡಿದ್ರೆ ಮಾತ್ರೆ ಬರಲ್ಲ. ಸ್ಟಾಕ್ ತರಿಸಬೇಕಾದವರು, ಹುದ್ದೆ ತುಂಬಬೇಕಾದವರು ಮೇಲಿದ್ದಾರೆ. ಅವರ ಟೇಬಲ್‌ಗೆ ಅರ್ಜಿ ಹೋಗಬೇಕು.