ಹಳೆಯ ಟ್ರ್ಯಾಕ್ಟರಿನ ದೂರಪಯಣ

ಮಾಘಮಾಸ ಬಂದಿತೆಂದರೆ ನಮ್ಮ ಸೀಮೆಯ ರಸ್ತೆಗಳಲ್ಲಿ ಜಾತ್ರೆಯ ಬಂಡಿಗಳು ಕಾಣತೊಡಗುತ್ತವೆ. ಹಾವೇರಿ, ಬ್ಯಾಡಗಿಗಳ ಕಡೆಯವರು ಬಂಕಾಪುರ, ಮುಂಡಗೋಡ, ಯಲ್ಲಾಪುರಗಳನ್ನು ದಾಟಿ ಜೋಯಿಡಾ ತಾಲೂಕಿನ ಉಳವಿಗೆ, ಚನ್ನಬಸವಣ್ಣನವರ ಐಕ್ಯಸ್ಥಳಕ್ಕೆ ಹೋಗುತ್ತಾರೆ. ರಾಣೇಬೆನ್ನೂರಿನ ಕಡೆಯವರು ತುಂಗಭದ್ರೆಯ ದಡದ ಮೈಲಾರಕ್ಕೆ ಕಾರಣಿಕ ಕೇಳಲು ಹೊರಡುತ್ತಾರೆ. ಒಂದು ಕಾಲಕ್ಕೆ ಈ ಪಯಣವೆಲ್ಲ ಕಮಾನು ಕಟ್ಟಿದ ಚಕ್ಕಡಿಯಲ್ಲಿಯೇ ನಡೆಯುತ್ತಿತ್ತು. ಇಂದಿಗೂ ಉಳವಿಗೆ ಎತ್ತಿನ ಚಕ್ಕಡಿಗಳು ಹೋಗುವುದುಂಟು. ಆದರೆ ಅವುಗಳೊಡನೆ ಟ್ರೇಲರು ಕಟ್ಟಿದ ಟ್ರ್ಯಾಕ್ಟರುಗಳೂ ಸಾಲುಗೂಡಿವೆ. ಟ್ರೇಲರಿಗೆ ಬಿದಿರಿನ ಕಮಾನು ಹೂಡಿ, ತಾಡಪಾಲು ಹೊದಿಸಿ, ಒಲೆ, ಕಟ್ಟಿಗೆ, ನೀರಿನ ಕೊಡ, ಹಾಸಿಗೆ, ಕಟಕ ರೊಟ್ಟಿಯ ಬುತ್ತಿ ಇವುಗಳನ್ನು ಹೇರಿದರೆ ನಾಲ್ಕಾರು ದಿನಗಳ ಮನೆಯೇ ಸಿದ್ಧವಾದಂತೆ. ಅಮೇರಿಕೆಯಲ್ಲಿ ಹಳೆಯ ಪಿಕಪ್ ಗಾಡಿಯ ಹಿಂದೆ ಮಲಗುವ ಕೋಣೆಯನ್ನೇ ಕಟ್ಟಿಕೊಂಡು ದೇಶ ಸುತ್ತುವವರಿದ್ದಾರೆ. ಗಾಡಿ ಬೇರೆಯಾದರೂ ತತ್ತ್ವ ಒಂದೇ.

ನಮ್ಮಲ್ಲಿ ಅನೇಕರ ಮನೆಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದ ಟ್ರ್ಯಾಕ್ಟರುಗಳಿವೆ. ಅವು ಹೊಲದಿಂದ ಊರಿಗೆ, ಊರಿನಿಂದ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗಿ ಬರುವಷ್ಟಕ್ಕೆ ಚೆನ್ನಾಗಿಯೇ ಇರುತ್ತವೆ. ಅಂಥ ಹಳೆಯ ಗಾಡಿಯನ್ನು ನೂರು ಕಿಲೋಮೀಟರಿಗೂ ಮಿಕ್ಕ ದಾರಿಗೆ, ಅದರಲ್ಲಿಯೂ ಮಲೆನಾಡಿನ ಏರಿಳಿತಗಳ ದಾರಿಗೆ, ಅಣಿಗೊಳಿಸುವುದು ಹೇಗೆ? ಸಾಮಾನ್ಯವಾಗಿ ಎಲ್ಲರೂ ಕೇಳುವುದು, "ಇಂಜಿನ್ನು ಎಳೆದೀತೇ?" ಎಂದು. ಕೇಳಬೇಕಾದುದು, "ಎಳೆದದ್ದನ್ನು ನಿಲ್ಲಿಸೀತೇ?" ಎಂದು. ಈ ಲೇಖನದ ತಿರುಳು ಇಷ್ಟೇ.

ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಟ್ರ್ಯಾಕ್ಟರಿನ ತೂಕ ೨ ಟನ್ನು, ಹೇರು ಸಹಿತ ಟ್ರೇಲರಿನ ತೂಕ ೪ ಟನ್ನು ಎಂದಿಟ್ಟುಕೊಳ್ಳಿ. ನಮ್ಮ ಕಡೆಯ ಹಳೆಯ ಟ್ರೇಲರುಗಳಲ್ಲಿ ಹೆಚ್ಚಿನವಕ್ಕೆ ತಮ್ಮದೇ ಆದ ಬ್ರೇಕು ಇಲ್ಲ. ಎಂದರೆ ೨ ಟನ್ನಿನ ಗಾಡಿಗೆಂದು ಮಾಡಿದ ಬ್ರೇಕು ೬ ಟನ್ನನ್ನು ನಿಲ್ಲಿಸಬೇಕು. ಒಂಟಿ ಟ್ರ್ಯಾಕ್ಟರು ಗಂಟೆಗೆ ೨೦ ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವಾಗ ೫ ಮೀಟರಿನೊಳಗೆ ನಿಲ್ಲುವುದಾದರೆ, ಟ್ರೇಲರಿನೊಡನೆ ಅದಕ್ಕೆ ಸುಮಾರು ೧೫ ಮೀಟರು ಬೇಕು. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ಇಮ್ಮಡಿಯಾಗದೆ ನಾಲ್ಮಡಿಯಾಗುತ್ತದೆ. ಹಾಗಾಗಿ ೪೦ ಕಿಲೋಮೀಟರು ವೇಗದಲ್ಲಿ ಅದು ೬೦ ಮೀಟರು. ಕಣ್ಣು ಕಂಡು ಕಾಲು ಬ್ರೇಕನ್ನು ಒತ್ತುವುದರೊಳಗೆ ಕಳೆಯುವ ಒಂದು ಸೆಕೆಂಡಿನಲ್ಲಿ ಗಾಡಿ ಇನ್ನೂ ೧೧ ಮೀಟರು ಮುಂದೆ ಹೋಗಿರುತ್ತದೆ. ಟ್ರ್ಯಾಕ್ಟರಿನ ಪಯಣದಲ್ಲಿ ನಿಧಾನವೇ ಮೊದಲನೆಯ ಬ್ರೇಕು ಎನ್ನುವುದು ಇದಕ್ಕಾಗಿ.

ಎರಡನೆಯದು ಬ್ರೇಕಿನ ಪೆಡಲುಗಳ ವಿಚಾರ. ಟ್ರ್ಯಾಕ್ಟರಿಗೆ ಎಡಗಾಲಿಗೊಂದು, ಬಲಗಾಲಿಗೊಂದು ಬೇರೆ ಬೇರೆ ಪೆಡಲುಗಳಿರುತ್ತವೆ. ಹೊಲದ ಬದುವಿನಲ್ಲಿ ಒಂದೇ ಗಾಲಿಯನ್ನು ಹಿಡಿದು ಚಿಕ್ಕ ಜಾಗದಲ್ಲಿ ತಿರುಗಲೆಂದು ಈ ಏರ್ಪಾಡು. ರಸ್ತೆಯಲ್ಲಿ ಅದೇ ಅನುಕೂಲ ಅಪಾಯವಾಗುತ್ತದೆ. ಅವಸರದಲ್ಲಿ ಒಂದೇ ಪೆಡಲನ್ನು ತುಳಿದರೆ ಗಾಡಿ ಆ ಕಡೆಗೆ ತಿರುಗುತ್ತದೆ. ಹಿಂದಿನ ಟ್ರೇಲರು ನೂಕಿ ಅದನ್ನು ಅಡ್ಡ ಬೀಳಿಸುತ್ತದೆ. ಆದುದರಿಂದ ಎರಡೂ ಪೆಡಲುಗಳನ್ನು ಕೂಡಿಸುವ ಕೊಂಡಿಯನ್ನು ರಸ್ತೆಗಿಳಿಯುವ ಮುನ್ನ ಹಾಕಲೇಬೇಕು. ಹಳೆಯ ಗಾಡಿಗಳಲ್ಲಿ ಈ ಕೊಂಡಿ ಸವೆದಿರುವುದು, ಕಳೆದೇ ಹೋಗಿರುವುದು ಅಪರೂಪವಲ್ಲ. ಕೊಂಡಿ ಹಾಕಿದ ಮೇಲೆ ಎರಡು ಗಾಲಿಗಳೂ ಸಮನಾಗಿ ಹಿಡಿಯುತ್ತವೆಯೋ ಎಂಬುದನ್ನು ಬಯಲು ಜಾಗದಲ್ಲಿ ಮೆಲ್ಲಗೆ ಓಡಿಸಿ ನೋಡಬೇಕು. ಗಾಡಿ ಒಂದು ಕಡೆಗೆ ಎಳೆದರೆ ಮಿಸ್ತ್ರಿಯಿಂದ ಸರಿಮಾಡಿಸಬೇಕು.

ಇಳಿಜಾರಿನಲ್ಲಿ ಇನ್ನೊಂದು ಶತ್ರುವಿದೆ. ಇಪ್ಪತ್ತು ಅಡಿಗೆ ಒಂದು ಅಡಿಯಂತೆ ಇಳಿಯುವ ರಸ್ತೆಯಲ್ಲಿ ನಮ್ಮ ೬ ಟನ್ನಿನ ಜೋಡಿಯನ್ನು ಸುಮಾರು ೩೦೦ ಕಿಲೋ ತೂಕದಷ್ಟು ಬಲ ಬಿಡುವಿಲ್ಲದೆ ಮುಂದಕ್ಕೆ ದೂಡುತ್ತಿರುತ್ತದೆ. ಅದನ್ನು ಬ್ರೇಕಿನಿಂದಲೇ ತಡೆಯಹೋದರೆ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಏರನ್ನು ಯಾವ ಗೇರಿನಲ್ಲಿ ಹತ್ತಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಬೇಕು. ಆಗ ಇಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಇಳಿಜಾರು ಸುರುವಾಗುವ ಮೊದಲೇ ಗೇರು ಬದಲಿಸಬೇಕು. ಡೀಸೆಲ್ ಉಳಿಯಲೆಂದು ನ್ಯೂಟ್ರಲ್ಲಿನಲ್ಲಿ ಬಿಡುವುದು ಹಲವರ ರೂಢಿ. ಉಳಿಯುವುದು ಒಂದು ಲೋಟ ಡೀಸೆಲ್, ಪಣಕ್ಕಿಡುವುದು ಪ್ರಾಣ.

ಇನ್ನು ಹೇರಿನ ಮಾತು. ಚಕ್ಕಡಿ ಹೂಡಿದ ನಮ್ಮ ಹಿರಿಯರಿಗೆ ಮುಂಭಾರ, ಹಿಂಭಾರಗಳ ಅರಿವು ಚೆನ್ನಾಗಿತ್ತು. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳನ್ನು ಬಿಗಿಯುತ್ತದೆ. ಮುಂಭಾರ ಹೆಚ್ಚಾದರೆ ಎತ್ತು ಕುಗ್ಗುತ್ತದೆ. ಎರಡು ಗಾಲಿಯ ಟ್ರೇಲರಿಗೂ ಇದೇ ನಿಯಮ. ಭಾರ ಅಚ್ಚಿನ ಹಿಂದೆ ಹೆಚ್ಚಾದರೆ ಟ್ರ್ಯಾಕ್ಟರಿನ ಹಿಂಗಾಲಿಗಳು ಹಗುರವಾಗಿ ನೆಲದ ಹಿಡಿತ ತಪ್ಪುತ್ತದೆ, ಟ್ರೇಲರು ಬಾಲದಂತೆ ಓಲಾಡುತ್ತದೆ. ಮುಂದೆ ಅತಿಯಾದರೆ ಏರಿನಲ್ಲಿ ಟ್ರ್ಯಾಕ್ಟರಿನ ಮುಂಗಾಲಿಗಳು ಮೇಲೆದ್ದು ಚಕ್ರ ತಿರುಗಿಸಿದರೂ ಗಾಡಿ ತಿರುಗದು. ಆದುದರಿಂದ ನೀರಿನ ಪೀಪಾಯಿ, ಅಕ್ಕಿ ಚೀಲಗಳಂಥ ಭಾರವಾದುವನ್ನು ಅಚ್ಚಿಗಿಂತ ತುಸು ಮುಂದೆ, ತಳದಲ್ಲಿ ಇಟ್ಟು, ಹಾಸಿಗೆ, ಹೊದಿಕೆಗಳನ್ನು ಮೇಲಿಡಬೇಕು. ಒಣಮೆಣಸಿನಕಾಯಿ ಹೇರಿದವರಿಗೆ ಎತ್ತರದ ಅಪಾಯ ತಿಳಿದೇ ಇರುತ್ತದೆ. ತೂಕ ಕಡಿಮೆಯಾದರೂ ಚೀಲಗಳ ರಾಶಿ ಎತ್ತರವಾಗಿ, ತಿರುವಿನಲ್ಲಿ ಗಾಡಿ ವಾಲುತ್ತದೆ. ತಾಡಪಾಲಿನ ಕಮಾನೂ ಗಾಳಿಯನ್ನು ಹಿಡಿಯುವುದರಿಂದ ಅದನ್ನು ತಗ್ಗಾಗಿಯೇ ಕಟ್ಟುವುದು ಲೇಸು.

ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವಣ ನಂಟು ಒಂದು ಕಬ್ಬಿಣದ ಪಿನ್ನು. ಅದು ನಡುವೆ ಸವೆದು ಸಣ್ಣಗಾಗಿದ್ದರೆ ಬದಲಿಸಬೇಕು. ಪಿನ್ನು ಕುಲುಕಿ ಮೇಲೇಳದಂತೆ ಅದರ ಕೆಳಗೆ ಕೀಲು ಹಾಕಬೇಕು. ತಂತಿ ಸುತ್ತಿ ಕೆಲಸ ಮುಗಿಯಿತೆನ್ನಬಾರದು. ಪಿನ್ನು ಮುರಿದರೂ ಟ್ರೇಲರು ಬೇರೆಯಾಗದಿರಲು ಒಂದು ಗಟ್ಟಿ ಸರಪಳಿ ಬೇಕು.

ಟೈರಿನ ಹಲ್ಲು ಉಳಿದಿದ್ದರೆ ಸಾಲದು, ಬದಿಯ ರಬ್ಬರು ಬಿರಿದಿದೆಯೋ ನೋಡಬೇಕು. ವರ್ಷದಲ್ಲಿ ಬಹುಕಾಲ ಬಿಸಿಲಿನಲ್ಲಿ ನಿಂತೇ ಇರುವ ಟ್ರೇಲರಿನ ಟೈರು ಸವೆಯದೆಯೂ ಹಳತಾಗಿರುತ್ತದೆ. ಗಾಲಿಯನ್ನು ಜಾಕಿನ ಮೇಲೆತ್ತಿ ಅಲುಗಾಡಿಸಿದರೆ ಬೇರಿಂಗಿನ ಸ್ಥಿತಿ ತಿಳಿಯುತ್ತದೆ. ಹಬ್ಬಿಗೆ ಹೊಸ ಗ್ರೀಸು ತುಂಬಿಸಿ, ನಟ್ಟುಗಳನ್ನು ಬಿಗಿಮಾಡಬೇಕು. ಹತ್ತಾರು ಕಿಲೋಮೀಟರು ಹೋದ ಮೇಲೆ ಒಮ್ಮೆ ನಿಂತು ಹಬ್ಬಿನ ಬಳಿ ಕೈ ಒಯ್ದು ನೋಡಿರಿ. ಒಂದು ಗಾಲಿ ಮಾತ್ರ ಸುಡುತ್ತಿದ್ದರೆ ಅಲ್ಲಿ ದೋಷವಿದೆ. ಇಂಜಿನ್ನಿಗೆ ಬೇಕಾದುದು ಹೆಚ್ಚಿನದೇನಲ್ಲ: ರೇಡಿಯೇಟರಿನಲ್ಲಿ ಸಿಕ್ಕಿದ ಹೊಟ್ಟು, ದೂಳುಗಳನ್ನು ತೆಗೆಯುವುದು, ಫ್ಯಾನ್ ಬೆಲ್ಟಿನ ಬಿಗಿ, ಹೊಸ ಎಣ್ಣೆ, ಶುಚಿಯಾದ ಗಾಳಿಸೋಸುಕ. ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಆರುವ ತನಕ ಮುಟ್ಟಬಾರದು.

ರಾತ್ರಿ ಹೊತ್ತು ಹೆದ್ದಾರಿಯಲ್ಲಿ ದೀಪವಿಲ್ಲದ ಟ್ರೇಲರು ಹಿಂದೆ ಬರುವ ಲಾರಿಗೆ ಕಾಣುವುದೇ ಇಲ್ಲ. ಹಿಂದುಗಡೆ ಕೆಂಪು ದೀಪವೂ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯೂ ಇರಬೇಕು; ತಾಡಪಾಲು ಅವನ್ನು ಮುಚ್ಚಿರಬಾರದು. ಕತ್ತಲಾಗುವ ಮೊದಲೇ ಬೀಡು ಬಿಡುವುದು ಇನ್ನೂ ಉತ್ತಮ. ಬೀಡಿನಲ್ಲಿ ಗಾಲಿಗಳಿಗೆ ಕಲ್ಲು ಕೊಟ್ಟು ನಿಲ್ಲಿಸಬೇಕು. ಟ್ರೇಲರಿನ ಅಡಿಯಲ್ಲಿ ಯಾರೂ ಮಲಗಬಾರದು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದುದು. ಮೇಲೆ ಹೇಳಿದ ಸಿದ್ಧತೆಯೆಲ್ಲವೂ ಸರಕಿನ ಸಲುವಾಗಿ. ಸರಕಿನ ಟ್ರೇಲರಿನಲ್ಲಿ ಜನರನ್ನು ಕೂರಿಸುವುದು ಕಾಯಿದೆಗೆ ವಿರುದ್ಧ. ಟ್ರೇಲರು ಮಗುಚಿದಾಗ ಒಳಗಿನವರಿಗೆ ಹಿಡಿಯಲು ಆಸರೆಯಿಲ್ಲ, ಪಾರಾಗಲು ಹಾದಿಯಿಲ್ಲ. ಒಲೆ, ಹಾಸಿಗೆ, ಬುತ್ತಿ ಟ್ರೇಲರಿನಲ್ಲಿ ಬರಲಿ. ಅಜ್ಜಿ, ತಾಯಿ, ತಮ್ಮ, ತಂಗಿಯರು ಬಸ್ಸಿನಲ್ಲಿ ಬರಲಿ. ಮನೆಯ ಹಿರಿಯರಿಗೆ ಇದನ್ನು ಹೇಳುವುದು ಕಿರಿಯರಾದ ನಮಗೆ ಕಠಿಣವೇ ಸರಿ. ಆದರೆ ಓದಿದ ಮಕ್ಕಳು ಮನೆಯಲ್ಲಿದ್ದುದಕ್ಕೆ ಇಷ್ಟಾದರೂ ಪ್ರಯೋಜನವಾಗಬೇಡವೆ? ಈ ಮಾಘದಲ್ಲಿ ಪೂಜೆ ಮಾಡಿ ಕಾಯಿ ಒಡೆಯುವ ಮುನ್ನ ಆ ಪಿನ್ನನ್ನೂ ಪೆಡಲಿನ ಕೊಂಡಿಯನ್ನೂ ನಾವೇ ಒಮ್ಮೆ ಕೈಯಿಂದ ಮುಟ್ಟಿ ನೋಡೋಣ.