ಮಾತಿಲ್ಲದ ಸಂಗೀತಕ್ಕೆ ಬಂದ ನಿಷೇಧ: ಗಿಟಾರ್ ವಾದಕ ಲಿಂಕ್ ರೇ

ಬಾನುಲಿ ನಿಲಯವೊಂದು ಯಾವುದಾದರೂ ಹಾಡನ್ನು ಪ್ರಸಾರ ಮಾಡಲು ಒಪ್ಪಲಿಲ್ಲವೆಂದರೆ ಅದರ ಕಾರಣವನ್ನು ನೀವು ಸುಲಭವಾಗಿ ಊಹಿಸಬಲ್ಲಿರಿ. ಹಾಡಿನ ಮಾತು ಸಭ್ಯವಾಗಿಲ್ಲದಿರಬಹುದು, ಯಾರದೋ ನಂಬಿಕೆಗೆ ನೋವಾಗುವಂತಿರಬಹುದು, ಜನರನ್ನು ಕೆರಳಿಸುವಂತಿರಬಹುದು. ಆದರೆ ಒಂದೇ ಒಂದು ಮಾತೂ ಇಲ್ಲದ, ಎರಡೂವರೆ ನಿಮಿಷವೂ ತುಂಬದ, ಬರಿಯ ಗಿಟಾರ್ ವಾದನವನ್ನು ನಿಲಯಗಳು ಬಹಿಷ್ಕರಿಸಿದುವೆಂದರೆ ನೀವು ನಂಬುವಿರಾ? 1958ರಲ್ಲಿ ಅಮೆರಿಕದಲ್ಲಿ ಇಂಥದೊಂದು ಸಂಗತಿ ನಡೆಯಿತು. ಆ ಧ್ವನಿಮುದ್ರಿಕೆಯ ಹೆಸರು 'ರಂಬಲ್'. ಅದನ್ನು ನುಡಿಸಿದಾತ ಲಿಂಕ್ ರೇ. ಮಾತಿಲ್ಲದ ಸಂಗೀತದಲ್ಲಿ ಅವರಿಗೆ ಕಂಡ ಅಪರಾಧವೇನು ಎಂಬುದನ್ನು ತಿಳಿಯಬೇಕಾದರೆ ಆತನ ಬಾಳನ್ನೂ ಆತನ ವಾದ್ಯದಿಂದ ಹೊಮ್ಮಿದ ಆ ವಿಚಿತ್ರ ನಾದವನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು.

ಫ್ರೆಡ್ ಲಿಂಕನ್ ರೇ ಹುಟ್ಟಿದ್ದು 1929ರ ಮೇ 2ರಂದು, ಉತ್ತರ ಕೆರೊಲೈನ ಸಂಸ್ಥಾನದ ಡನ್ ಎಂಬ ಸಣ್ಣ ಊರಿನಲ್ಲಿ. ಮನೆಯಲ್ಲಿ ಕಡುಬಡತನ. ತಂದೆ ಬೀದಿಯಲ್ಲಿ ನಿಂತು ಧರ್ಮಪ್ರವಚನ ಮಾಡುತ್ತಿದ್ದವರು. ತಾಯಿ ಷಾನಿ ಎಂಬ ಅಮೆರಿಕದ ಮೂಲನಿವಾಸಿ ಜನಾಂಗದ ವಂಶದವರೆಂದು ಲಿಂಕ್ ರೇ ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದ. ಬಣ್ಣದ ಮೇಲೆ ಮನುಷ್ಯರನ್ನು ಬೇರ್ಪಡಿಸುತ್ತಿದ್ದ ಆ ಕಾಲದ ದಕ್ಷಿಣ ಅಮೆರಿಕ ಸಂಸ್ಥಾನಗಳಲ್ಲಿ ಇದು ನೆಮ್ಮದಿಯ ಸಂಗತಿಯಾಗಿರಲಿಲ್ಲ. ಬಿಳಿಯ ಮುಸುಕು ಹಾಕಿಕೊಂಡು ರಾತ್ರಿಯ ಹೊತ್ತು ದಾಳಿಮಾಡುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಗುಂಪಿನವರು ಬಂದಾಗ ಮನೆಯವರು ಅವಿತುಕೊಳ್ಳಬೇಕಾಗುತ್ತಿತ್ತೆಂದು ಆತ ಮುಂದೆ ನೆನಪಿಸಿಕೊಂಡಿದ್ದಾನೆ.

ಆತನ ಮೊದಲ ಸಂಗೀತಪಾಠ ಯಾವ ಶಾಲೆಯಲ್ಲೂ ಆದದ್ದಲ್ಲ. ಎಂಟು ವರ್ಷದ ಹುಡುಗ ಮನೆಯ ಜಗುಲಿಯ ಮೇಲೆ ಗಿಟಾರನ್ನು ಹಿಡಿದು ಒದ್ದಾಡುತ್ತಿದ್ದಾಗ, 'ಹ್ಯಾಂಬೋನ್' ಎಂದು ಜನ ಕರೆಯುತ್ತಿದ್ದ ಒಬ್ಬ ನೀಗ್ರೋ ಕಲಾವಿದ ಆ ದಾರಿಯಾಗಿ ಬಂದು, ಶ್ರುತಿ ಕೂಡಿಸಿಕೊಟ್ಟು, ತಂತಿಯ ಮೇಲೆ ಜಾರಿಸಿ ನುಡಿಸುವ ವಿಧಾನವನ್ನು ತೋರಿಸಿದನೆಂದು ಲಿಂಕ್ ರೇ ಹೇಳುತ್ತಿದ್ದ. ಅನಂತರ ಸಂಸಾರ ವರ್ಜೀನಿಯದ ಪೋರ್ಟ್ಸ್‌ಮತ್ ಎಂಬ ಬಂದರುಪಟ್ಟಣಕ್ಕೆ ಹೋಯಿತು. ಯುದ್ಧದ ದಿನಗಳಾದುದರಿಂದ ತಂದೆಗೆ ಅಲ್ಲಿಯ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಣ್ಣ ವರ್ನನ್, ತಮ್ಮ ಡಗ್, ಇವರೊಡನೆ ಸೇರಿ ಲಿಂಕ್ ರೇ ಹಳ್ಳಿಹಾಡುಗಳನ್ನು ನುಡಿಸುವ ಒಂದು ಮೇಳವನ್ನು ಕಟ್ಟಿದ.

ಇಷ್ಟರಲ್ಲಿ ವಿಧಿ ಒಂದು ಕಠಿನವಾದ ಏಟನ್ನು ಕೊಟ್ಟಿತು. 1950ರ ದಶಕದ ಆರಂಭದಲ್ಲಿ ಸೈನ್ಯದಲ್ಲಿ ಸೇವೆ ಸಲ್ಲಿಸಿ ಬಂದ ಲಿಂಕ್ ರೇಗೆ ಕ್ಷಯರೋಗ ತಗುಲಿತು. ಬಹುಕಾಲ ಆಸ್ಪತ್ರೆಯಲ್ಲಿ ಮಲಗಬೇಕಾಯಿತು; ಒಂದು ಶ್ವಾಸಕೋಶವನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕಾಯಿತು. ಇನ್ನು ಹಾಡುವ ಆಸೆಯನ್ನು ಬಿಡಬೇಕೆಂದು ವೈದ್ಯರು ಹೇಳಿದರು. ಹಾಡಿ ಹೊಟ್ಟೆ ಹೊರೆಯಬೇಕೆಂದಿದ್ದ ಯುವಕನಿಗೆ ಈ ಮಾತು ಎಷ್ಟು ಭಾರವಾಗಿ ಕೇಳಿಸಿತೋ ನೀವೇ ಯೋಚಿಸಿ. ಹಾಡುವ ಭಾರ ಅಣ್ಣನ ಪಾಲಿಗೆ ಹೋಯಿತು. ಲಿಂಕ್ ರೇಗೆ ಉಳಿದದ್ದು ಆರು ತಂತಿಗಳು ಮಾತ್ರ. ಮುಂದೆ ಆತ ಅಪರೂಪಕ್ಕೆ ಹಾಡಿದ್ದುಂಟು. ಆದರೆ ಹೇಳಬೇಕಾದುದನ್ನು ಕೈಯಿಂದ ಹೇಳುವುದನ್ನು ಕಲಿತದ್ದು ಈ ಕಾಲದಲ್ಲಿ.

'ರಂಬಲ್' ಹುಟ್ಟಿದ್ದು ಆಕಸ್ಮಿಕವಾಗಿ. ವರ್ಜೀನಿಯದ ಫ್ರೆಡರಿಕ್ಸ್‌ಬರ್ಗ್ ಎಂಬ ಊರಿನಲ್ಲಿ ತರುಣ ತರುಣಿಯರ ನೃತ್ಯಕೂಟವೊಂದು ನಡೆದಿತ್ತು. ಆ ದಿನಗಳಲ್ಲಿ 'ಸ್ಟ್ರೋಲ್' ಎಂಬ ನಿಧಾನಗತಿಯ ನೃತ್ಯ ಬಳಕೆಗೆ ಬಂದಿತ್ತು. ಕೂಟವನ್ನು ನಡೆಸುತ್ತಿದ್ದ ಮಿಲ್ಟ್ ಗ್ರ್ಯಾಂಟ್ ಎಂಬಾತ ಅದಕ್ಕೆ ತಕ್ಕ ಮಟ್ಟೊಂದನ್ನು ನುಡಿಸುವಂತೆ ಮೇಳದವರನ್ನು ಕೇಳಿದ. ಅಂಥ ಮಟ್ಟು ಲಿಂಕ್ ರೇಗೆ ಬರುತ್ತಿರಲಿಲ್ಲ. ತಮ್ಮ ಡಗ್ ಡ್ರಮ್ಮಿನ ಮೇಲೆ ನಡೆಯನ್ನು ಹಿಡಿದ. ಲಿಂಕ್ ರೇ ಆ ಕ್ಷಣಕ್ಕೆ ಹೊಳೆದ ಕೆಲವು ಸ್ವರಗುಚ್ಛಗಳನ್ನು ನಿಧಾನವಾಗಿ, ಬಿಗಿಯಾಗಿ, ಒಂದೊಂದರ ನಡುವೆಯೂ ಅವಕಾಶ ಬಿಟ್ಟು ಬಾರಿಸಿದ. ಹಾಡುವವರ ಮೈಕ್ರೊಫೋನನ್ನು ಗಿಟಾರಿನ ಧ್ವನಿವರ್ಧಕದ ಮುಂದಕ್ಕೆ ಸರಿಸಿದ್ದರಿಂದ ನಾದ ಒಡೆದು, ಗುಡುಗಿನಂತೆ ಸಭಾಂಗಣವನ್ನೆಲ್ಲ ತುಂಬಿತು. ನೆರೆದಿದ್ದ ಹುಡುಗರು ಕೂಗಿ ಕೂಗಿ ಆ ರಾತ್ರಿಯೇ ಅದನ್ನು ಮತ್ತೆ ಮತ್ತೆ ನುಡಿಸಿದರು ಎನ್ನುವುದಕ್ಕಿಂತ ನುಡಿಸಿಸಿದರು ಎನ್ನಬೇಕು.

ಆದರೆ ಮುದ್ರಣಶಾಲೆಯಲ್ಲಿ ಅದೇ ಮಟ್ಟನ್ನು ನುಡಿಸಿದಾಗ ಎಲ್ಲವೂ ಚೊಕ್ಕಟವಾಗಿ, ಸಪ್ಪೆಯಾಗಿ ಕೇಳಿಸಿತು. ಆಗ ಲಿಂಕ್ ರೇ ಮಾಡಿದ ಕೆಲಸ ಈಗ ಒಂದು ಕಥೆಯಂತೆ ಪ್ರಸಿದ್ಧವಾಗಿದೆ. ಒಂದು ಪೆನ್ಸಿಲನ್ನು ತೆಗೆದುಕೊಂಡು ತನ್ನ ಧ್ವನಿವರ್ಧಕದ ಸ್ಪೀಕರಿನ ಕಾಗದಕ್ಕೆ ತೂತುಗಳನ್ನು ಚುಚ್ಚಿದ!

ಇದರಿಂದ ಏನಾಗುತ್ತದೆಂಬುದನ್ನು ರೇಡಿಯೋ ಇರುವ ಮನೆಯವರಾದ ನೀವು ಚೆನ್ನಾಗಿ ಅರಿಯಬಲ್ಲಿರಿ. ನಿಮ್ಮ ರೇಡಿಯೋದ ಸ್ಪೀಕರಿನೊಳಗೆ ಕಾಗದದ ಒಂದು ಬಟ್ಟಲಿರುತ್ತದೆ. ವಿದ್ಯುತ್ತಿನ ಏರಿಳಿತಕ್ಕೆ ಸರಿಯಾಗಿ ಅದು ಹಿಂದೆ ಮುಂದೆ ಚಲಿಸಿ ಗಾಳಿಯನ್ನು ತಳ್ಳುತ್ತದೆ. ಅದೇ ನಮ್ಮ ಕಿವಿಗೆ ದನಿಯಾಗಿ ಬರುತ್ತದೆ. ಬಟ್ಟಲು ಇಡಿಯಾಗಿದ್ದರೆ ದನಿ ನಿರ್ಮಲ. ಹರಿದಿದ್ದರೆ ಅಂಚುಗಳು ತಮ್ಮಷ್ಟಕ್ಕೆ ತಾವೇ ಅದುರಿ, ಮೂಲದಲ್ಲಿಲ್ಲದ ಹೊಸ ಸ್ವರಾಂಶಗಳನ್ನು ಸೇರಿಸುತ್ತವೆ. ಹಳೆಯ ಸ್ಪೀಕರು 'ಗರ ಗರ' ಎಂದಾಗ ನಾವು ರಿಪೇರಿಯವನನ್ನು ಕರೆಯುತ್ತೇವೆ. ಲಿಂಕ್ ರೇ ಆ ಗರಗರವೇ ತನಗೆ ಬೇಕೆಂದ. ಕೆಟ್ಟ ಧ್ವನಿವರ್ಧಕದ ಒರಟು ದನಿ ಅದಕ್ಕೆ ಮುಂಚೆಯೂ ಕೇಳಿಬಂದಿತ್ತು. 1951ರ 'ರಾಕೆಟ್ 88' ಎಂಬ ಮುದ್ರಿಕೆ ಅದಕ್ಕೆ ನಿದರ್ಶನ. ಅಲ್ಲಿ ಅದು ಪೆಟ್ಟಿಗೆಗೆ ಪೆಟ್ಟಾದುದರಿಂದ ಒದಗಿ ಬಂದದ್ದು. ಲಿಂಕ್ ರೇ ಬೇಕೆಂದೇ ಪೆಟ್ಟು ಮಾಡಿ ಅದನ್ನು ಪಡೆದ. ಸ್ಪೀಕರನ್ನು ಹಾಳುಮಾಡದೆ ಇಂಥ ನಾದವನ್ನು ಕೊಡುವ ಯಂತ್ರ ಅಂಗಡಿಗೆ ಬಂದದ್ದು 1962ರಲ್ಲಿ. ಅದರ ಹೆಸರು ಮೇಸ್ಟ್ರೊ ಫಜ್‌ಟೋನ್.

ಇಲ್ಲಿ ಸಂಗೀತಾಭಿಮಾನಿಗಳಿಗೆ ರುಚಿಸುವ ಇನ್ನೊಂದು ವಿಷಯವಿದೆ. ಲಿಂಕ್ ರೇ ತೆರೆದ ದಾರಿಯಲ್ಲಿ ನಡೆದ ಮುಂದಿನ ವಾದಕರು ಇಂಥ ಒಡಕು ನಾದದಲ್ಲಿ ಹೆಚ್ಚಾಗಿ ಷಡ್ಜ ಪಂಚಮಗಳನ್ನು ಮಾತ್ರ ಕೂಡಿಸಿ ಬಾರಿಸುತ್ತಾರೆ, ಗಾಂಧಾರವನ್ನು ಬಿಡುತ್ತಾರೆ. ಇದಕ್ಕೆ 'ಪವರ್ ಕಾರ್ಡ್' ಎಂದು ಹೆಸರು. ಕಾರಣ ಸರಳವಾದುದು. ಷಡ್ಜ ಪಂಚಮಗಳ ಕಂಪನಗಳು ಎರಡಕ್ಕೆ ಮೂರರ ಪ್ರಮಾಣದಲ್ಲಿರುತ್ತವೆ. ನಾದ ಒಡೆದಾಗ ಅವುಗಳ ವ್ಯತ್ಯಾಸದಿಂದ ಹುಟ್ಟುವ ಹೊಸ ಸ್ವರವೂ ಅದೇ ಷಡ್ಜದ ಕೆಳಗಿನ ಸ್ಥಾಯಿಗೆ ಸೇರುತ್ತದೆ. ಎಂದರೆ, ಯಾರೂ ಮೀಟದ ಮಂದ್ರಷಡ್ಜವೊಂದು ತಾನಾಗಿ ಮೊಳಗುತ್ತದೆ. ಗಿಟಾರಿನ ಮೆಟ್ಟಿಲುಗಳ ಮೇಲೆ ಸಿಗುವ ಗಾಂಧಾರವಾದರೋ ಶುದ್ಧ ಪ್ರಮಾಣಕ್ಕಿಂತ ಕೊಂಚ ಏರಿರುವುದರಿಂದ, ಒಡಕು ನಾದದಲ್ಲಿ ಅದನ್ನು ಸೇರಿಸಿದರೆ ಎಲ್ಲವೂ ಕದಡಿದಂತಾಗುತ್ತದೆ. ತಂಬೂರಿಯ ಷಡ್ಜ ಪಂಚಮಗಳ ಗಾಂಭೀರ್ಯವನ್ನು ಬಲ್ಲ ನಮಗೆ ಈ ಮರ್ಮ ತೀರ ಅಪರಿಚಿತವೇನೂ ಅಲ್ಲ.

ಮುದ್ರಣವಾದ ಸಂಗೀತವನ್ನು ಕೇಡೆನ್ಸ್ ಎಂಬ ಕಂಪೆನಿಯ ಆರ್ಚಿ ಬ್ಲೈಯರ್ ಅವರ ಬಳಿಗೆ ಒಯ್ದರು. ಅವರಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಆದರೆ ಅವರ ಮಲಮಗಳು ಅದನ್ನು ಕೇಳಿ ಮೆಚ್ಚಿಕೊಂಡಳಂತೆ. ಮಕ್ಕಳ ಕಿವಿಗೆ ಬೆಲೆಕೊಟ್ಟು ಬ್ಲೈಯರ್ ಅದನ್ನು 1958ರಲ್ಲಿ ಹೊರತಂದರು. ಆಗಲೇ ಅದಕ್ಕೆ 'ರಂಬಲ್' ಎಂಬ ಹೆಸರು ಬಿತ್ತು. ಗುಡುಗುಟ್ಟುವ ಸದ್ದು ಎಂಬುದು ಆ ಮಾತಿನ ಅರ್ಥ. ಅಂದಿನ ಅಮೆರಿಕದ ಬೀದಿಮಾತಿನಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಇತ್ತು: ಪುಂಡ ಹುಡುಗರ ಎರಡು ಗುಂಪುಗಳ ನಡುವಣ ಹೊಡೆದಾಟ.

ಅನರ್ಥ ಬಂದದ್ದು ಇಲ್ಲಿಯೇ. ಹದಿಹರೆಯದವರ ಪುಂಡಾಟಿಕೆ ಅಂದು ಅಮೆರಿಕದ ದೊಡ್ಡ ಚಿಂತೆಯಾಗಿತ್ತು. 1954ರಲ್ಲಿ ಅಲ್ಲಿಯ ಸೆನೆಟ್ ಸಭೆಯ ಉಪಸಮಿತಿಯೊಂದು ಈ ವಿಚಾರವಾಗಿ ಬಹಿರಂಗ ವಿಚಾರಣೆಗಳನ್ನೇ ನಡೆಸಿತ್ತು. ನ್ಯೂಯಾರ್ಕಿನ ಗುಂಪುಗಳ ಕಾದಾಟವನ್ನು ತೋರಿಸುವ 'ವೆಸ್ಟ್ ಸೈಡ್ ಸ್ಟೋರಿ' ಎಂಬ ಸಂಗೀತನಾಟಕ 1957ರಲ್ಲಿ ರಂಗಕ್ಕೆ ಬಂದಿತ್ತು. ಇಂಥ ವಾತಾವರಣದಲ್ಲಿ ಈ ಹೆಸರು, ಈ ಬೆದರಿಸುವಂಥ ನಾದ! ನ್ಯೂಯಾರ್ಕ್, ಬಾಸ್ಟನ್ ಮೊದಲಾದ ನಗರಗಳ ಹಲವು ನಿಲಯಗಳು ಅದನ್ನು ಪ್ರಸಾರ ಮಾಡಲು ನಿರಾಕರಿಸಿದುವು. ಹುಡುಗರು ಇದನ್ನು ಕೇಳಿ ಬೀದಿಗಿಳಿದಾರೆಂಬುದು ನಿಲಯದವರ ಭಯ.

ಆ ಭಯವನ್ನು ನಾವು ಹಗುರವಾಗಿ ನಗೆಯಾಡಬೇಕಾಗಿಲ್ಲ. ಮನೆಯೊಳಗಣ ಮಕ್ಕಳ ಕಿವಿಗೆ ನೇರವಾಗಿ ತಲಪುವ ಸಾಧನ ರೇಡಿಯೋ. ಅದನ್ನು ನಡೆಸುವವರಿಗೆ ಹೊಣೆಯುಂಟು. ನಮ್ಮ ಆಕಾಶವಾಣಿಯೂ 1940ರಿಂದ ಮೂರು ದಶಕಗಳ ಕಾಲ ಹಾರ್ಮೋನಿಯಂ ವಾದ್ಯವನ್ನು ತನ್ನ ಬಾಗಿಲಿನ ಹೊರಗೇ ನಿಲ್ಲಿಸಿತ್ತು. ಅದರ ಮೇಲಿದ್ದ ಆಕ್ಷೇಪಣೆ ಸಂಗೀತಕ್ಕೆ ಸಂಬಂಧಿಸಿದ್ದು: ಕಟ್ಟಿಟ್ಟ ಸ್ವರಗಳ ಆ ವಾದ್ಯಕ್ಕೆ ಗಮಕ ಒಲಿಯದು, ಶ್ರುತಿಯ ಸೂಕ್ಷ್ಮ ತಿಳಿಯದು ಎಂದು. ಅದು ಸರಿಯೋ ತಪ್ಪೋ, ವಾದಕ್ಕಾದರೂ ಒಂದು ನೆಲೆಯಿತ್ತು. 'ರಂಬಲ್' ಮೇಲಿನ ಆರೋಪಕ್ಕೆ ಸಾಕ್ಷಿಯಾಗಿ ತೋರಿಸಲು ಮಾತಿಲ್ಲ, ಸಾಲಿಲ್ಲ; ಹೆಸರೊಂದು, ಅದನ್ನು ಕೇಳಿದಾಗ ದೊಡ್ಡವರ ಮನಸ್ಸಿನಲ್ಲಿ ಎದ್ದ ಅಳುಕೊಂದು, ಇಷ್ಟೇ. ಹಾಗೆ ನೋಡಿದರೆ ಆ ನಿಷೇಧ ಲಿಂಕ್ ರೇಗೆ ಸಂದ ಒಂದು ಬಗೆಯ ಪ್ರಶಸ್ತಿಯೇ ಸರಿ. ಹಾಡಲಾರೆ ಎಂದವನ ಕೈ ಮಾತಿನ ನೆರವಿಲ್ಲದೆಯೇ ತನ್ನ ಭಾವವನ್ನು ಕೇಳುವವರಿಗೆ ಮುಟ್ಟಿಸಿತೆಂಬುದನ್ನು ನಿಲಯದವರೇ ಒಪ್ಪಿಕೊಂಡಂತಾಯಿತು.

ನಿಷೇಧದಿಂದ ಸಂಗೀತ ನಿಲ್ಲಲೂ ಇಲ್ಲ. 'ರಂಬಲ್' ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಮುದ್ರಿಕೆಗಳ ಪಟ್ಟಿಯಲ್ಲಿ 16ನೆಯ ಸ್ಥಾನಕ್ಕೇರಿತು. ಸಮುದ್ರದಾಚೆ ಇಂಗ್ಲೆಂಡಿನಲ್ಲಿ ಅದನ್ನು ಕೇಳಿದ ಹುಡುಗರಲ್ಲಿ ಇಬ್ಬರು ಮುಂದೆ ಜಗತ್ಪ್ರಸಿದ್ಧರಾದರು: 'ದಿ ಹೂ' ವಾದ್ಯವೃಂದದ ಪೀಟ್ ಟೌನ್ಸೆಂಡ್, 'ಲೆಡ್ ಜೆಪ್ಪೆಲಿನ್' ವೃಂದದ ಜಿಮ್ಮಿ ಪೇಜ್. ಗಿಟಾರಿನ ದಾರಿಯಲ್ಲಿ ತಮ್ಮನ್ನು ಎಳೆದ ಶಕ್ತಿಗಳಲ್ಲಿ ಈ ಮುದ್ರಿಕೆಯೂ ಒಂದೆಂದು ಇಬ್ಬರೂ ಕೃತಜ್ಞತೆಯಿಂದ ಹೇಳಿದ್ದಾರೆ.

ಲಿಂಕ್ ರೇಗೆ ಮಾತ್ರ ಅದರ ಫಲ ಪೂರ್ತಿಯಾಗಿ ದೊರೆಯಲಿಲ್ಲ. 1959ರಲ್ಲಿ 'ರಾಹೈಡ್', 1963ರ ಸುಮಾರಿಗೆ 'ಜ್ಯಾಕ್ ದ ರಿಪ್ಪರ್' ಸ್ವಲ್ಪ ಹೆಸರು ತಂದುವು. ತಾಯಿಯ ಕಡೆಯ ಜನರ ನೆನಪಿಗೋ ಎಂಬಂತೆ 'ಕೊಮಾಂಚಿ', 'ಷಾನಿ' ಎಂದು ಕೆಲವು ವಾದನಗಳಿಗೆ ಮೂಲನಿವಾಸಿ ಜನಾಂಗಗಳ ಹೆಸರನ್ನಿಟ್ಟ. ದೊಡ್ಡ ಕಂಪೆನಿಗಳವರು ತನ್ನ ಒರಟುತನವನ್ನು ಉಜ್ಜಿ ನುಣುಪುಮಾಡಲು ಹೊರಟಾಗ ಆತನಿಗೆ ಬೇಸರವಾಯಿತು. ಮೇರಿಲೆಂಡಿನ ಅಕೊಕೀಕ್ ಎಂಬಲ್ಲಿ ತಮ್ಮ ಜಮೀನಿನಲ್ಲಿದ್ದ ಕೋಳಿಗೂಡನ್ನೇ ಸೋದರರು ಮುದ್ರಣಶಾಲೆಯಾಗಿ ಮಾರ್ಪಡಿಸಿಕೊಂಡರು. 1971ರಲ್ಲಿ ಆತನ ಹೆಸರಿನಲ್ಲೇ ಬಂದ ಧ್ವನಿಮುದ್ರಿಕೆ ತಯಾರಾದದ್ದು ಆ ಗೂಡಿನಲ್ಲಿ. ಮಾರಾಟ ಹೆಚ್ಚಾಗಲಿಲ್ಲ, ಬಲ್ಲವರು ಮೆಚ್ಚಿದರು.

1980ರ ದಶಕದಲ್ಲಿ ಆತ ಡೆನ್ಮಾರ್ಕಿಗೆ ಹೋಗಿ ನೆಲೆಸಿದ. 1994ರಲ್ಲಿ 'ಪಲ್ಪ್ ಫಿಕ್ಷನ್' ಎಂಬ ಚಲನಚಿತ್ರದಲ್ಲಿ 'ರಂಬಲ್' ಮತ್ತೆ ಮೊಳಗಿ ಹೊಸ ತಲೆಮಾರಿನ ಕಿವಿಗೆ ಬಿತ್ತು. ಎಪ್ಪತ್ತು ದಾಟಿದ ಮೇಲೆಯೂ ಒಂದೇ ಶ್ವಾಸಕೋಶದ ಆ ಮುದುಕ ಊರೂರು ತಿರುಗಿ ಗಿಟಾರ್ ನುಡಿಸುತ್ತಿದ್ದ. 2005ರ ನವೆಂಬರ್ 5ರಂದು, 76ನೆಯ ವಯಸ್ಸಿನಲ್ಲಿ, ಕೋಪನ್‌ಹೇಗನ್ನಿನಲ್ಲಿ ತೀರಿಕೊಂಡ.

ಗೌರವಗಳು ಬಂದದ್ದು ಅನಂತರ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ರಾಷ್ಟ್ರೀಯ ಗ್ರಂಥಾಲಯ ತಾನು ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ 'ರಂಬಲ್' ಅನ್ನು ಸೇರಿಸಿಕೊಂಡಿತು. ಒಂದು ಕಾಲಕ್ಕೆ ಮಕ್ಕಳ ಕಿವಿಗೆ ಬೀಳಬಾರದೆಂದು ತಡೆದಿದ್ದು, ಈಗ ಮುಂದಿನ ಮಕ್ಕಳಿಗಾಗಿ ಜೋಪಾನವಾಗಿ ಇಡಬೇಕಾದ ಆಸ್ತಿ! 2023ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆ ಲಿಂಕ್ ರೇಯ ಹೆಸರನ್ನು ಸೇರಿಸಿಕೊಂಡಾಗ, ಹುಡುಗನಾಗಿ ಅದನ್ನು ಕೇಳಿ ಬೆರಗಾಗಿದ್ದ ಜಿಮ್ಮಿ ಪೇಜ್, ತನ್ನ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ವೇದಿಕೆಯ ಮೇಲೆ ನಿಂತು 'ರಂಬಲ್' ನುಡಿಸಿದರು.

ಎಂದಾದರೂ ಈ ಧ್ವನಿಮುದ್ರಿಕೆ ನಿಮಗೆ ಕೇಳಸಿಕ್ಕಿದರೆ ಒಂದು ಕೆಲಸ ಮಾಡಿ. ಮೊದಲು ಬರುವ ಮೂರು ಏಟುಗಳನ್ನು ಕೇಳಿ. ಅವುಗಳ ನಡುವೆ ಆತ ಬಿಟ್ಟಿರುವ ಮೌನವನ್ನೂ ಗಮನಿಸಿ. ಕೊನೆಕೊನೆಗೆ ದನಿ ನಡುಗುತ್ತ ನಡುಗುತ್ತ ಏರುವುದನ್ನು ಕೇಳಿ. ಅದರಲ್ಲಿ ಬೀದಿಯ ಹೊಡೆದಾಟ ಕೇಳಿಸುವುದೋ, ದೂರದ ಗುಡುಗು ಕೇಳಿಸುವುದೋ, ಹಾಡಲು ಉಸಿರಿಲ್ಲದವನೊಬ್ಬನ ಹಟ ಕೇಳಿಸುವುದೋ, ತೀರ್ಮಾನ ನಿಮ್ಮ ಕಿವಿಗೆ ಬಿಟ್ಟದ್ದು.